ಜೋಡಿ ತಪ್ಪಿದ ಮುಚ್ಚಳ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಸಂಶೋಧನಾ ಸಂಸ್ಥೆಯ ಗೇಟಿನ ಕಾವಲುಗಾರ ಬಂದವರನ್ನು ಮುಖ ನೋಡಿ ಅಲ್ಲ, ಕೆಮ್ಮು ಕೇಳಿ ಒಳಗೆ ಬಿಡುತ್ತಿದ್ದ. ಸಂಸ್ಥೆಗೆ ಗಾಜು ಊದಿಕೊಡುವ ಗಾಜಿನ ಮಾವನ ಕೆಮ್ಮು ಅವನಿಗೆ ಮೂವತ್ತು ವರ್ಷದ ಪರಿಚಯ.

"ಹೋಗಿ ಮಾವ, ಹೋಗಿ. ಇವತ್ತು ಸೂರ್ಯನಿಗೂ ರಜಾ," ಎಂದ.

ಒಂಬತ್ತು ಗಂಟೆಯಾದರೂ ಮಂಜು ಮೂರನೆಯ ಮಹಡಿಯ ಕಿಟಕಿಗೆ ಮೂಗು ಒತ್ತಿಕೊಂಡೇ ನಿಂತಿತ್ತು. ಒಳಗೆ, ಜೀವರಸಾಯನದ ಪ್ರಯೋಗಾಲಯದಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಹನ್ನೊಂದು ಗಾಜಿನ ಡಬ್ಬಿಗಳಿದ್ದವು. ಇರಬೇಕಾದದ್ದು ಹನ್ನೆರಡು.

ಮಾವ ಒಂದನ್ನೂ ಮುಟ್ಟದೆ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಒಲೆಯ ಉರಿ ಹಚ್ಚುವ ಮೊದಲು ಅರೆಕ್ಷಣ ಕಣ್ಣು ಮುಚ್ಚುವುದು ಅವರ ರೂಢಿ. ಗಾಜು ಊದುವವನ ಉಸಿರು ಅವನದಲ್ಲ, ಎರವಲು ತಂದದ್ದು ಎಂದು ಅವರ ತಂದೆ ಹೇಳಿಕೊಟ್ಟಿದ್ದರಂತೆ. ಇಂದು ಉರಿಯಿಲ್ಲದಿದ್ದರೂ ಕಣ್ಣು ಮುಚ್ಚಿದರು.

"ನಿದ್ದೆ ಬಂತಾ ಮಾವ?" ಅಂಟಿನ ಹುಡುಗಿ ಗಡಿಯಾರ ನೋಡಿದಳು. "ಮೂರು ಗಂಟೆಗೆ ಸಭೆ."

"ನಿದ್ದೆ ಅಲ್ಲ ಮಗಳೇ. ದೊಡ್ಡವನಿಗೆ ಒಂದು ಅರ್ಜಿ ಹಾಕಿದೆ. ಅಲ್ಲಿ ಸಭೆಗಿಭೆ ಇಲ್ಲ, ಬೇಗ ಆಗುತ್ತೆ."

ಅವಳು ನಗಲಿಲ್ಲ. ಆರು ವರ್ಷ ದುಡಿದು ಬರೆದ ಅಂಕಿಗಳನ್ನು ಕಲ್ಪಿಸಿ ಬರೆದಳೆಂಬ ದೂರು ಅವಳ ಮೇಲಿತ್ತು. ಸುಳ್ಳೆಂದು ಇವತ್ತು ತೋರಿಸದಿದ್ದರೆ ಅವಳ ಹೆಸರು ಸಂಸ್ಥೆಯ ಪಟ್ಟಿಯಿಂದ ಹೊರಗೆ ಬೀಳುತ್ತಿತ್ತು, ಮುಂದೆ ಯಾವ ಪ್ರಯೋಗಾಲಯವೂ ಬಾಗಿಲು ತೆರೆಯುತ್ತಿರಲಿಲ್ಲ.

ಕೆಲಸವೋ, ಮೂರು ಮನೆಯವರು ಸೇರಿ ಎತ್ತಿದ ಒಂದು ಪಲ್ಲಕ್ಕಿ. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಸ್ವರ ಕಳೆದುಕೊಂಡವರಿಗೆ ಮಾತು ಮರಳಿಸುವುದು. ವಸ್ತು ವಿಜ್ಞಾನದ ಲೋಹದ ಮೇಷ್ಟ್ರು ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಒಂದು ಪೊರೆ ಮಾಡಿದ್ದರು. ಅದನ್ನು ಗಂಟಲಿಗೆ ಅಂಟಿಸಿದರೆ ಒಳಗಿನ ಅಲುಗಾಟವನ್ನೆಲ್ಲ ಹಿಡಿದು ಜೇಬಿನ ಪುಟ್ಟ ಪೆಟ್ಟಿಗೆಗೆ ದಾಟಿಸುತ್ತದೆ, ಪೆಟ್ಟಿಗೆ ಮಾತಾಡುತ್ತದೆ. ಚರ್ಮಕ್ಕೆ ನೋವಾಗದ ಅಂಟನ್ನು ಪ್ರೋಟೀನಿನಿಂದ ಮಾಡುವವಳು ಈ ಹುಡುಗಿ. ಮಾತನ್ನು ಮೊದಲಿನಿಂದ ಕಲಿಸುವವಳು ಭಾಷಾಬೋಧನೆಯ ಟೀಚರು, ಗಾಜಿನ ಮಾವನ ಸ್ವಂತ ಸೊಸೆ. ಅವಳು ಮಾವ ಅಂದದ್ದರಿಂದಲೇ ಸಂಸ್ಥೆಗೆಲ್ಲ ಅವರು ಮಾವನಾದದ್ದು.

ಹನ್ನೆರಡು ಬಗೆಯ ಅಂಟು, ಹನ್ನೆರಡು ಪೊರೆ. ಪ್ಲಾಸ್ಟಿಕ್ಕಿಗೆ ಈ ಅಂಟು ಕಚ್ಚಿಕೊಳ್ಳುತ್ತದೆಂದು ಮಾವನೇ ಹನ್ನೆರಡು ಗಾಜಿನ ಡಬ್ಬಿ ಮಾಡಿಕೊಟ್ಟಿದ್ದರು. ಏಳನೆಯ ಪೊರೆ, ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮದ ಮೇಲೆ ಒಂಬತ್ತು ದಿನ ಅಲುಗಾಡದೆ ಕೂತಿತ್ತು ಎಂದು ಹುಡುಗಿ ಬರೆದಿದ್ದಳು. ಮೇಷ್ಟ್ರು ಏಳರ ಡಬ್ಬಿ ತೆಗೆದು ತಾವೇ ಪರೀಕ್ಷಿಸಿದರೆ ಒಂದೇ ದಿನಕ್ಕೆ ಕಿತ್ತುಬಂತು. ಕೂಡಲೇ ಸಂಸ್ಥೆಯ ಮುಖ್ಯಸ್ಥೆ ದೊಡ್ಡ ಮೇಡಂಗೆ ದೂರು ಬರೆದರು.

ಮಾವ ಕಡೆಗೂ ಕೈಚಾಚಿದರು. ಒಂದೊಂದೇ ಡಬ್ಬಿಯ ಮುಚ್ಚಳವನ್ನು, ಎತ್ತದೆ, ಅರ್ಧ ಸುತ್ತು ತಿರುಗಿಸಿ ನೋಡಿದರು. ಒಂದು, ಎರಡು, ಮೂರು. ರೇಷ್ಮೆಯ ಮೇಲೆ ರೇಷ್ಮೆ ಜಾರಿದ ಹಾಗೆ. ಐದು, ಆರು, ಹಾಗೆಯೇ.

ಏಳು 'ಕಿರ್' ಎಂದಿತು.

ಮಾವ ಕೈ ತೆಗೆದರು. ಬಾಗಿ ಕಿವಿಯಿಟ್ಟು ಇನ್ನೊಮ್ಮೆ ತಿರುಗಿಸಿದರು. ಕಿರ್.

"ಈ ಮುಚ್ಚಳ ಈ ಡಬ್ಬಿದಲ್ಲ," ಎಂದರು.

"ಅಂದ್ರೆ?"

"ನಾನು ಮುಚ್ಚಳಾನೂ ಡಬ್ಬಿನೂ ಒಂದರ ಮೇಲೊಂದು ಇಟ್ಟು ಮರಳುಪುಡಿ ಹಾಕಿ ಉಜ್ತೀನಿ. ಹಾಗೆ ಉಜ್ಜಿದ ಜೋಡಿ ಗಂಡ ಹೆಂಡತಿ ಇದ್ದಂಗೆ, ಒಬ್ಬರ ಸವೆತಕ್ಕೆ ಇನ್ನೊಬ್ಬರು ಹೊಂದಿರ್ತಾರೆ. ಬೇರೆಯವರ ಮನೆಗೆ ಹೋದ್ರೆ ಕಿರಿಕಿರಿ." ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಅಂಚಿನಲ್ಲಿ ಕೂದಲೆಳೆಯಂಥ ಗೀರುಗಳು. "ಎಣಿಸು."

"ಒಂದು, ಎರಡು... ನಾಲ್ಕು."

"ಮುಚ್ಚಳದ್ದು?"

"ಏಳು." ಅವಳ ಕೈ ಬಾಯಿಗೆ ಹೋಯಿತು. "ಇಷ್ಟು ದಿನ ಇದು ಕಾಣಲೇ ಇಲ್ಲವಲ್ಲ ಮಾವ!"

"ಕಾಣಬಾರದು ಅಂತಲೇ ಹಾಕೋದು. ಕಸಬಿನ ಗುರುತು, ಎಷ್ಟನೇ ಡಬ್ಬಿಯೋ ಅಷ್ಟು ಗೀರು. ಇದು ಗೊತ್ತಿರೋದು ನನಗೆ, ಬಿಟ್ರೆ ನಮ್ಮ ಮನೆ ಮಂದಿಗೆ. ಯಾವತ್ತೋ ಊಟದ ಮೇಜಿನ ಮೇಲೆ ತೋರಿಸಿದ್ದೆ."

ಹುಡುಗಿ ಸ್ಟೂಲಿನ ಮೇಲೆ ಕುಸಿದಳು. ಅಳು, ನಗು, ಸಿಟ್ಟು ಮೂರೂ ಒಟ್ಟಿಗೆ ಬಂದವು. "ಹೇಳಿದ್ದೆ ಮಾವ, ಮೊದಲ ದಿನವೇ ಹೇಳಿದ್ದೆ! ನಮ್ಮಲ್ಲಿ ಮುಚ್ಚಳದ ಮೇಲೆ ಯಾರೂ ಬರೆಯಲ್ಲ. ಮುಚ್ಚಳ ಅಲೆಮಾರಿ, ತಳದಲ್ಲಿ ಬರೆಯಿರಿ ಅಂತ ನಮಗೆ ಮೊದಲನೇ ಪಾಠವೇ ಅದು. ಮೇಷ್ಟ್ರು ಒಪ್ಪಲಿಲ್ಲ. ತಳದಲ್ಲಿ ಶಾಯಿ ಇದ್ರೆ ಸೂಕ್ಷ್ಮದರ್ಶಕದಲ್ಲಿ ಚಿತ್ರ ಮಸುಕಾಗುತ್ತೆ, ನಮ್ಮ ಕಡೆ ಮುಚ್ಚಳದ ಮೇಲೇ ಬರೆಯೋದು ಅಂದ್ರು."

"ಇಬ್ಬರದೂ ಸರಿ. ಎರಡು ಸರಿಗಳ ನಡುವೆ ಒಂದು ತಪ್ಪು ನುಸುಳ್ತು. ಹನ್ನೆರಡನ್ನೂ ಒಟ್ಟಿಗೆ ಬಿಚ್ಚಿದ್ದು ಯಾವಾಗ?"

"ನನ್ನ ಪರೀಕ್ಷೆ ಮುಗಿದ ಮೇಲೆ, ಫೋಟೋ ತೆಗೆಯೋಕೆ. ಮೇಷ್ಟ್ರೇ ಬಿಚ್ಚಿದ್ದು, ಮೇಷ್ಟ್ರೇ ಮುಚ್ಚಿದ್ದು."

ಏಳರ ಮುಚ್ಚಳ ನಾಲ್ಕರ ಡಬ್ಬಿಯ ಮೇಲಿದ್ದರೆ, ನಾಲ್ಕರ ಮುಚ್ಚಳ ಏಳರ ಡಬ್ಬಿಯ ಮೇಲಿರಬೇಕು. ಇಬ್ಬರೂ ಒಟ್ಟಿಗೇ ಮೇಜಿನ ಖಾಲಿ ಜಾಗ ನೋಡಿದರು. ಇಲ್ಲದಿದ್ದ ಡಬ್ಬಿ ಅದೊಂದೇ. ಹುಡುಗಿ ರಿಜಿಸ್ಟರ್ ತೆಗೆದಳು. ಹನ್ನೆರಡು ದಿನದ ಹಿಂದಿನ ತಾರೀಕು, ಮೇಷ್ಟ್ರ ಮುತ್ತಿನಂಥ ಅಕ್ಷರ: 'ಸಂಖ್ಯೆ ನಾಲ್ಕು. ಒಡೆದಿದೆ.'

ಮಾವ ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು.

"ಒಡೆದ ಗಾಜು ನನ್ನ ಹತ್ತಿರ ಬರದೆ ಎಲ್ಲಿಗೆ ಹೋಗುತ್ತೆ?" ಎಂದು ತಮಗೆ ತಾವೇ ಕೇಳಿಕೊಂಡರು.

*

ಮೇಷ್ಟ್ರು ಬರುವುದು ಹನ್ನೊಂದಕ್ಕೆ. ಅದುವರೆಗೆ ಸೊಸೆಯನ್ನೊಂದು ಮಾತು ಕೇಳೋಣವೆಂದು ಮಾವ ಮೇಲಿನ ಮಹಡಿಗೆ ಹೋದರು. ಫೋಟೋ ತೆಗೆದ ದಿನ ಅವಳೂ ಅಲ್ಲಿದ್ದವಳೇ.

ತರಗತಿಯಲ್ಲಿ ಸೊಸೆ ಚಿತ್ರದ ಕಾರ್ಡುಗಳನ್ನು ಕತ್ತರಿಯಿಂದ ಕತ್ತರಿಸುತ್ತ ಕೂತಿದ್ದಳು. ಆನೆ ಒಂದು ಕಡೆ, ಛತ್ರಿ ಒಂದು ಕಡೆ. ಎದುರಿಗೆ ಅವಳ ಒಬ್ಬನೇ ವಿದ್ಯಾರ್ಥಿ, ಬಸ್ ಕಂಡಕ್ಟರ್ ಆಗಿದ್ದವರು; ಸ್ವರ ಹೋಗಿ ಹನ್ನೊಂದು ತಿಂಗಳು. ಕತ್ತಿಗೆ ಮಫ್ಲರ್ ಬಿಗಿಯಾಗಿ ಸುತ್ತಿಕೊಂಡಿದ್ದರು. ಮಾವನನ್ನು ಕಂಡು ಮೇಜನ್ನು ಎರಡು ಸಲ ಕುಟ್ಟಿದರು. ಬಸ್ಸಿನ ಮೈ ಬಡಿದಂತೆ ಒಂದು ಕುಟ್ಟಿದರೆ 'ಇಲ್ಲ', ಎರಡು ಕುಟ್ಟಿದರೆ 'ರೈಟ್'. ಅವರ ನಿಘಂಟು ಅಷ್ಟೇ.

"ಹೇಗಿದೀರಿ ಕಂಡಕ್ಟರ್ ಸಾಹೇಬ್ರೇ? ಪಾಠ ಎಲ್ಲಿಗೆ ಬಂತು?"

ಕಂಡಕ್ಟರ್ ಬಾಯಿ ತೆರೆಯಲಿಲ್ಲ. ಟೀಚರ ಕಡೆ ನೋಡಿ ನಕ್ಕರು.

"ಅವರಿಗೆ ನೆಗಡಿ ಮಾವ," ಎಂದಳು ಸೊಸೆ. "ಈಗೊಂದಷ್ಟು ದಿನ ಅಭ್ಯಾಸ ಇಲ್ಲ."

ಮೇಜಿನ ಮೇಲೆ ಅವಳ ತಪ್ಪಿನ ಪುಸ್ತಕ ತೆರೆದಿತ್ತು. ಕಲಿಯುವವರನ್ನು ನಡುವೆ ತಡೆದು ತಿದ್ದುವುದು ಅವಳ ಪದ್ಧತಿಯಲ್ಲ. ತುಟಿ, ನಾಲಿಗೆ ತಪ್ಪಿದ್ದನ್ನೆಲ್ಲ ತಾರೀಕು ಹಾಕಿ ಬರೆದುಕೊಂಡು, ವಾರಕ್ಕೊಮ್ಮೆ ಕೂತು ಓದುವುದು. ತಪ್ಪಿಗೂ ಒಂದು ದಾರಿ ಇರುತ್ತದೆ, ಆ ದಾರಿ ಹಿಡಿದು ಹೋದರೆ ಮಾತು ಸಿಗುತ್ತದೆ ಎನ್ನುವವಳು. ಮಾವ ಸುಮ್ಮನೆ ಪುಟ ತಿರುವಿದರು. ಕಂಡಕ್ಟರ್ ಹೆಸರಿನ ಪುಟಗಳು ಇರುವೆ ಸಾಲಿನಂತೆ ತುಂಬಿದ್ದವು. ಕೊನೆಯ ಹತ್ತು ದಿನ ಮಾತ್ರ ಬರೀ ತಾರೀಕು, ಕೆಳಗೆ ಖಾಲಿ.

"ನಾಲ್ಕನೇ ಡಬ್ಬಿ ಒಡೆದದ್ದು ನೀನು ನೋಡಿದ್ಯೇನಮ್ಮ?"

ಕತ್ತರಿ ಛತ್ರಿಯ ಹಿಡಿಯ ಮೇಲೆ ನಿಂತಿತು.

"ಇಲ್ಲ ಮಾವ."

"ಒಡೆದ ಸದ್ದಾದರೂ?"

"ಇಲ್ಲ." ತಲೆ ಎತ್ತಲಿಲ್ಲ. ದಿನವೂ ಮಾವ ಮೆಟ್ಟಿಲು ಹತ್ತಿ ಬಂದರೆ ಮೊದಲು ಕುರ್ಚಿ ಎಳೆದು, "ಉಸಿರು ತಗೊಳ್ಳಿ, ಆಮೇಲೆ ಮಾತು" ಅನ್ನುವವಳು. ಇಂದು ಕುರ್ಚಿ ಗೋಡೆಗೇ ಒರಗಿತ್ತು. ಹುಡುಗಿಯ ಸಭೆಯ ಚಿಂತೆ ಇರಬಹುದು ಎಂದುಕೊಂಡು ಮಾವ ಇಳಿದರು.

*

ಲೋಹದ ಮೇಷ್ಟ್ರ ಕೋಣೆಯಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಜಾಗಕ್ಕೂ ಒಂದು ಚೀಟಿ. ಪೆನ್ಸಿಲ್ಲುಗಳೂ ಎತ್ತರದ ಪ್ರಕಾರ ನಿಂತಿದ್ದವು.

ಮಾವ ಕೂತರು. ಮಡಿಲಿನಲ್ಲಿದ್ದ ಒಂದು ತಗಡಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಾಯಿ ತೆರೆದರು. ಖಾಲಿ.

"ಏನಿದು?"

"ಚೂರಿನ ಪೆಟ್ಟಿಗೆ. ನಾಲ್ಕನೇ ಡಬ್ಬಿ ಚೂರು ಇಸ್ಕೊಂಡು ಹೋಗೋಣ ಅಂತ ಬಂದೆ."

"ಕಸಕ್ಕೆ ಹೋಯ್ತು."

"ಮೂವತ್ತು ವರ್ಷದಲ್ಲಿ ಈ ಕಟ್ಟಡದ ಒಂದು ಚೂರೂ ಕಸಕ್ಕೆ ಹೋಗಿಲ್ಲ ಮೇಷ್ಟ್ರೇ. ಚೂರು ಕೊಟ್ರೆ ಹೊಸದು. ಆ ನಿಯಮ ಮಾಡಿದ್ದು ನೀವು. ನಾನು ಅದಕ್ಕೆ ತಲೆ ಬಾಗಿದವನು."

ಮೇಷ್ಟ್ರು ಪೆನ್ಸಿಲ್ಲೊಂದನ್ನು ತೆಗೆದು, ಅದರ ಜಾಗದಲ್ಲೇ ಮತ್ತೆ ಇಟ್ಟರು. "ಯಾರು ಕಳಿಸಿದ್ರು ನಿಮ್ಮನ್ನ?"

"ದೊಡ್ಡ ಮೇಡಂ. ಸದ್ದಿಲ್ಲದೆ ನೋಡಿ ಅಂದ್ರು. ಒಡೆದದ್ದು ಯಾರ ಕೈಯಿಂದ ಅಂತ ಗಾಜು ಹೇಳುತ್ತೆ ಅನ್ನೋದು ಅವರ ನಂಬಿಕೆ. ಒಡೆಯದೆ ಇದ್ದದ್ದೂ ಹೇಳುತ್ತೆ ಅಂತ ನನಗೇ ಇವತ್ತು ಗೊತ್ತಾಯ್ತು."

ಕಿಟಕಿಯಾಚೆ ಮಂಜು ನಿಧಾನವಾಗಿ ತೆಳುವಾಗುತ್ತಿತ್ತು. ಎದುರಿನ ಕಟ್ಟಡದ ಅರ್ಧ ಗೋಡೆ ಕಾಣುತ್ತಿತ್ತು.

"ಒಂದು ಕಥೆ ಹೇಳಲಾ?" ಎಂದರು ಮಾವ.

"ನನಗೆ ಟೈಮಿಲ್ಲ."

"ಚಿಕ್ಕದು. ಒಬ್ಬ ಕುರಿ ಕಾಯೋನು, ಸಂಜೆ ಎಣಿಸಿದ್ರೆ ಒಂದು ಮರಿ ಕಡಿಮೆ. ಪಕ್ಕದ ಹಟ್ಟಿಯವಳ ಮೇಲೆ ಕಳ್ಳತನ ಹೊರಿಸಿದ. ಊರು ಸೇರ್ತು. ಅವಳು ಅಳ್ತಾ ನಿಂತಿದ್ಲು. ಆಗ ಇವನ ಹೆಗಲ ಮೇಲೇ ಮರಿ 'ಬ್ಯಾ' ಅಂತು."

"ಇದು ಎಲ್ಲರಿಗೂ ಗೊತ್ತಿರೋ ಗಾದೆ."

"ಗಾದೆ ಅಲ್ಲಿಗೆ ನಿಲ್ಲುತ್ತೆ. ಕಥೆ ಅಲ್ಲಿಂದ ಶುರು." ಮಾವನ ದನಿ ಏರಲಿಲ್ಲ. "ಮರಿ ಕೂಗಿದಾಗ ಅವನು 'ಅಯ್ಯೋ, ಇಲ್ಲೇ ಇದೆ' ಅಂದ್ನಾ? ಅಥವಾ ಯಾರಿಗೂ ಕೇಳಿಸಬಾರದು ಅಂತ ಅದರ ಬಾಯಿ ಮುಚ್ಚಿದ್ನಾ?"

ಮೇಷ್ಟ್ರ ಕೈ ಕೊರಳಿನ ದಾರಕ್ಕೆ ಹೋಯಿತು.

"ಮುಚ್ಚಿದೆ," ಎಂದರು ಮೇಷ್ಟ್ರು.

ಅದು ಪಾಠ ಒಪ್ಪಿಸುವ ಹುಡುಗನ ದನಿಯಾಗಿತ್ತು. "ಸೂಕ್ಷ್ಮದರ್ಶಕದ ಕೆಳಗೆ ಪ್ರತಿ ಪೊರೆಗೂ ಒಂದೊಂದು ಮುಖ ಇರುತ್ತೆ ಮಾವ. ದೂರು ಕೊಟ್ಟು ಎರಡು ದಿನಕ್ಕೆ, ಹಳೇ ಫೋಟೋ ಹಿಡಿದು ನೋಡಿದೆ. ನಾನು ಪರೀಕ್ಷೆ ಮಾಡಿದ್ದು ಏಳಲ್ಲ. ಮುಚ್ಚಳ ಅದಲುಬದಲು ಮಾಡಿದ್ದು ನನ್ನ ಕೈಯೇ. ಮೂವತ್ತು ವರ್ಷ ಮಕ್ಕಳಿಗೆ ಜಾಗ್ರತೆ ಜಾಗ್ರತೆ ಅಂತ ಬೈದ ಬಾಯಿ... ಹೇಗೆ ತೆರೀಲಿ?"

"ತೆರೆದಾಯ್ತಲ್ಲ. ಕಷ್ಟ ಮುಗೀತು."

"ಹುಡುಗಿ ನನ್ನ ಮುಖ ನೋಡ್ತಾಳಾ?"

"ನೋಡದೆ ಇರಬಹುದು. ಅದು ಅವಳ ಹಕ್ಕು. ಡಬ್ಬಿ ಮಾತ್ರ ಕೊಡಿ."

ಮೇಷ್ಟ್ರು ಎದ್ದು, ಕೊರಳಿನ ದಾರದಲ್ಲಿದ್ದ ಬೀಗದ ಕೈಯಿಂದ ಗೋಡೆಯ ಬೀರು ತೆರೆದರು. ಹತ್ತಿಯಲ್ಲಿ ಸುತ್ತಿಟ್ಟ ಡಬ್ಬಿ. ಮಾವ ಅಂಚು ನೋಡಿದರು. ಮುಚ್ಚಳದಲ್ಲಿ ನಾಲ್ಕು ಗೀರು, ಡಬ್ಬಿಯಲ್ಲಿ ಏಳು. ಮುಚ್ಚಳ ಎತ್ತಿದರು.

ಪೊರೆ ಇತ್ತು, ಮೀನಿನ ರೆಕ್ಕೆಯಂತೆ ಮಿನುಗುತ್ತ. ಹುಡುಗಿ ಪರೀಕ್ಷೆಗೆಂದು ಕತ್ತರಿಸಿದ ಎರಡು ಜಾಗ ರಿಜಿಸ್ಟರಿನಲ್ಲಿದ್ದವು. ಬ್ಲೇಡಿನ ನೇರ ಗೆರೆ. ಮೂರನೆಯದು ರಿಜಿಸ್ಟರಿನಲ್ಲಿರಲಿಲ್ಲ. ಬೆರಳಗಲದ ಪಟ್ಟಿಯೊಂದು ಹೋಗಿತ್ತು, ಅಂಚು ಎರಡು ಕಡೆ ಮೆಟ್ಟಿಲು ಮೆಟ್ಟಿಲಾಗಿತ್ತು.

"ಇದನ್ನ ನಾನು ಕತ್ತರಿಸಿಲ್ಲ!" ಮೇಷ್ಟ್ರ ಮುಖ ಬಿಳಿಚಿತು. "ದೇವರಾಣೆ ಮಾವ. ಇಟ್ಟವನು ಮತ್ತೆ ತೆಗೆದೇ ಇಲ್ಲ."

"ನಂಬ್ತೀನಿ. ಇದು ಬ್ಲೇಡಲ್ಲ, ಕಾಗದದ ಕತ್ತರಿ." ಹೇಳಿದ ಮೇಲೆ ಮಾವನಿಗೆ ತಮ್ಮ ಮಾತೇ ಎಲ್ಲೋ ಚುಚ್ಚಿತು, ಎಲ್ಲಿ ಎಂದು ತಿಳಿಯಲಿಲ್ಲ. "ಬೀರುವಿಗೆ ಎಷ್ಟು ಬೀಗದ ಕೈ?"

"ಎರಡು. ಒಂದು ನನ್ನ ಕೊರಳಲ್ಲಿ. ಇನ್ನೊಂದು ನಿಮ್ಮ ಗೊಂಚಲಲ್ಲೇ ಇರಬೇಕಲ್ಲ? ಗಾಜಿನ ಬೀರುಗಳ ಜೋಡಿ ಕೈ ಎಲ್ಲಾ ನಿಮ್ಮ ಹತ್ತಿರವೇ."

ಗೊಂಚಲು ಮಾವನ ಮನೆಯ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ವರ್ಷಗಳಿಂದ.

"ಸಭೆಯಲ್ಲಿ ಎಲ್ಲಾ ಹೇಳ್ತೀನಿ," ಎಂದರು ಮೇಷ್ಟ್ರು. "ಆದ್ರೆ ಮಾವ, ಮುಚ್ಚಳ ಬದಲಾಯ್ತು ಅಂದ್ರೆ ಸಾಲದು. ಒಂಬತ್ತು ದಿನ ಅಂಟಿತ್ತು ಅನ್ನೋದಕ್ಕೆ ಸಾಕ್ಷಿ ಕೇಳ್ತಾರೆ. ಮತ್ತೆ ಪರೀಕ್ಷೆ ಮಾಡೋಕೆ ಒಂಬತ್ತು ದಿನ ಬೇಕು. ತೀರ್ಮಾನ ಇವತ್ತೇ, ಮುಂದಕ್ಕೆ ಹಾಕೋದಿಲ್ಲ ಅಂತ ಬರೆದು ಕಳಿಸಿದಾರೆ. ಅದರ ಮೇಲೆ ಈ ಕಳ್ಳ ಕತ್ತರಿ ಗಾಯ. ಈ ಪೊರೆಯನ್ನೇ ಯಾರೂ ನಂಬಲ್ಲ."

ಸತ್ಯ ಸಿಕ್ಕಿತ್ತು, ಕಾಲು ಮುರಿದುಕೊಂಡು ಸಿಕ್ಕಿತ್ತು.

*

ಮೂರಕ್ಕೆ ಐದು ನಿಮಿಷ. ಸಭೆಯ ಕೋಣೆಯ ಹೊರಗಿನ ಉದ್ದನೆಯ ಪಡಸಾಲೆ. ಮಂಜು ಹೋಗಿ, ನೆಲದ ಮೇಲೆ ಕಿಟಕಿಗಳ ಆಕಾರದ ಬಿಸಿಲು ಬಿದ್ದಿತ್ತು.

ಮೇಷ್ಟ್ರು ಹುಡುಗಿಯ ಮುಂದೆ ನಿಂತು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದರು. ಅವಳು ತೆಗೆದುಕೊಂಡಳು, ಮುಖ ನೋಡಲಿಲ್ಲ. ಮುಚ್ಚಳ ತೆರೆದು ಮೂರನೆಯ ಗಾಯ ಕಂಡಾಗ ಮಾತ್ರ ಅವಳ ಭುಜ ಇಳಿದುಹೋಯಿತು.

"ಮುಗೀತು ಅಲ್ವಾ ಮಾವ?"

ಮಾವ ಕಣ್ಣು ಮುಚ್ಚಿದರು. ಬೆಳಗಿನ ಅರ್ಜಿಯನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹಾಕಿದರು.

ಆಗ ಪಡಸಾಲೆಯ ಕೊನೆಯಿಂದ ಕಂಡಕ್ಟರ್ ಬಂದರು, ಓಡುವ ಬಸ್ಸಿನಲ್ಲಿ ನಡೆಯುವವರ ಹಾಗೆ ಕಾಲು ಅಗಲಿಸಿಕೊಂಡು. ಹಿಂದೆ ಐದಾರು ಹೆಜ್ಜೆ ಬಿಟ್ಟು ಸೊಸೆ. ಕಂಡಕ್ಟರ್ ಹುಡುಗಿಯ ಮುಂದೆ ನಿಂತು ಮಫ್ಲರ್ ಬಿಚ್ಚಿದರು. ಗಂಟಲಿನ ಮೇಲೆ ಬೆರಳಗಲದ ಪಟ್ಟಿಯೊಂದು ಮಿನುಗಿತು. ಅಂಚು ಮೆಟ್ಟಿಲು ಮೆಟ್ಟಿಲು.

ಅವರ ತುಟಿ ಅಲ್ಲಾಡಿತು. ಜೇಬಿನ ಪೆಟ್ಟಿಗೆ ಸ್ಪಷ್ಟವಾಗಿ, ಒಂದಕ್ಷರ ಎಡವದೆ ಮಾತಾಡಿತು.

"ಹತ್ತು ದಿನ ಆಯ್ತು ತಾಯಿ. ಸ್ನಾನಕ್ಕೂ ಬಿಚ್ಚಿಲ್ಲ. ಹನ್ನೊಂದು ತಿಂಗಳ ಬಾಕಿ ಜಗಳ ಎಲ್ಲಾ ಮನೆಯಾಕೆ ಜೊತೆ ಆಡಿ ಮುಗಿಸಿದೀನಿ. ಅವಳು ಅಳ್ತಾ ಅಳ್ತಾ ಬೈದಳು." ನಕ್ಕರು. "ಇದು ನಿನ್ನದು. ನನ್ನ ಸ್ಟಾಪು ಬಂತು."

"ಬೇಡ, ಇರಲಿ..." ಹುಡುಗಿ ಕೈ ಚಾಚುವಷ್ಟರಲ್ಲಿ ಅವರು ಪಟ್ಟಿಯ ತುದಿಯನ್ನು ಉಗುರಿನಿಂದ ಎತ್ತಿ ಮೆಲ್ಲಗೆ ಸುಲಿದು ಅವಳ ಅಂಗೈ ಮೇಲೆ ಇಟ್ಟಾಗಿತ್ತು. ಆಮೇಲೆ ಗಲ್ಲ ಎತ್ತಿ, ಕತ್ತನ್ನು ಬಿಸಿಲಿಗೆ ಹಿಡಿದರು.

ಅಲ್ಲಿ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಹಸುಗೂಸಿನ ಕತ್ತಿನಂಥ ಚರ್ಮ.

"ಹತ್ತು ದಿನ!" ಮೇಷ್ಟ್ರು ಕನ್ನಡಕ ಏರಿಸಿ ಹತ್ತಿರ ಬಾಗಿದರು. "ಒಂಬತ್ತಲ್ಲ, ಹತ್ತು! ಇದಕ್ಕಿಂತ ಸಾಕ್ಷಿ ಬೇಕಾ? ಇವರನ್ನೇ ಒಳಗೆ ಕರ್ಕೊಂಡು ಹೋಗೋಣ!" ಹುಡುಗಿ ಆಗಲೇ ಅಳುತ್ತಿದ್ದಳು, ಕಂಡಕ್ಟರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಮಾವ ಮಾತ್ರ ಮೆಲ್ಲಗೆ ಕೇಳಿದರು. "ಇದನ್ನ ಕತ್ತರಿಸಿ ಕೊಟ್ಟೋರು ಯಾರು ಕಂಡಕ್ಟರ್ ಸಾಹೇಬ್ರೇ?"

ಕಂಡಕ್ಟರ್ ಬಾಯಿ ತೆರೆದರು. ಪೆಟ್ಟಿಗೆ ಮೂಕವಾಗಿತ್ತು. ಮಾವ ಜೇಬಿನಿಂದ ಪೆನ್ನು ತೆಗೆದು ಚಾಚಿದರು. ಕಂಡಕ್ಟರ್ ಪೆನ್ನು ನೋಡಿದರು, ಗೋಡೆಯನ್ನು ಒಂದು ಸಲ ಕುಟ್ಟಿದರು. ಒಂದೇ ಸಲ.

ಬಾಗಿಲು ತೆರೆಯಿತು. ದೊಡ್ಡ ಮೇಡಂ ಹೊಸ್ತಿಲಲ್ಲಿ ನಿಂತಿದ್ದರು.

"ಎಲ್ಲಾ ಕೇಳಿಸಿತು. ಹುಡುಗಿ ವಿಷಯ ನನಗೆ ಸಮಾಧಾನ ಆಯ್ತು. ಆದ್ರೆ ಯಾರ ಅನುಮತಿಯೂ ಇಲ್ಲದೆ ಮನುಷ್ಯರ ಮೈಮೇಲೆ ಪ್ರಯೋಗ ನಡೆದಿದೆ. ಮಾಡಿದವರು ಈ ಕಟ್ಟಡದಲ್ಲಿ ಇನ್ನೊಂದು ದಿನ ಇರೋ ಹಾಗಿಲ್ಲ. ಮಾವ, ಮೊದಲ ಪ್ರಶ್ನೆ ನಿಮಗೇ. ಆ ಬೀರು ತೆಗೆದದ್ದು ಯಾರು?"

ಬೆಳಗಿನಿಂದ ಚುಚ್ಚುತ್ತಿದ್ದದ್ದು ಆಗ ಹೊರಗೆ ಬಂತು. ಛತ್ರಿಯ ಹಿಡಿಯ ಮೇಲೆ ನಿಂತ ಕತ್ತರಿ. ತಪ್ಪಿಲ್ಲದ ಹತ್ತು ಪುಟ. ಗೋಡೆಗೊರಗಿದ ಕುರ್ಚಿ. ಏಳು ಇರುವುದು ನಾಲ್ಕರ ಮುಚ್ಚಳದ ಕೆಳಗೆ ಎಂದು ಗೀರು ಎಣಿಸಿ ತಿಳಿಯಬಲ್ಲ ಇನ್ನೊಂದು ಜೊತೆ ಕಣ್ಣು ಈ ಲೋಕದಲ್ಲಿ ಯಾರದು? ತಿಳಿದೂ, ಹುಡುಗಿ ಹತ್ತು ದಿನ ಬೇಯುವುದನ್ನು ನೋಡುತ್ತ ಸುಮ್ಮನಿದ್ದದ್ದು ಯಾಕೆ? ಒಂಬತ್ತು ದಿನ ದಾಟಲೆಂದೋ, ಕಂಡಕ್ಟರ ಮಾತು ನಿಲ್ಲದಿರಲೆಂದೋ?

ಎಲ್ಲರ ಕಣ್ಣೂ ಮಾವನ ಮುಖದ ಮೇಲಿತ್ತು. ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಅವರ ಅಂಗೈಯೊಳಗೆ ಯಾವುದೋ ತಣ್ಣನೆಯ, ಚಿಕ್ಕ ವಸ್ತು ಸದ್ದಿಲ್ಲದೆ ಜಾರಿತು. ಅಡುಗೆಮನೆಯ ಗೊಂಚಲಿನ, ಹಲ್ಲು ಸವೆದ ಬೀಗದ ಕೈ. ಕೊಟ್ಟ ಬೆರಳುಗಳು ಒಂದು ಗಳಿಗೆ ಅವರ ಬೆರಳುಗಳ ಮೇಲೆ ನಿಂತು ಹಿಂದೆ ಸರಿದವು.

ಮಾವ ತಿರುಗಿ ನೋಡಲಿಲ್ಲ. ಮುಷ್ಟಿಯನ್ನು ಮೆಲ್ಲಗೆ ಮುಚ್ಚಿದರು.